ತಾರೆಯರ ಒಂದು ಚಿತ್ರ ಮತ್ತು ನಮ್ಮ ಝಕಾತ್

2024ರ ಮೇ 26ರಂದು ರಫಾದ ಡೇರೆಗಳ ಮೇಲೆ ಇಸ್ರೇಲ್ ದಾಳಿ ನಡೆಸಿತು. ಹತ್ತಾರು ನಿರಾಶ್ರಿತರು ಬೆಂಕಿಗೆ ಆಹುತಿಯಾದರು. ಕೆಲವೇ ದಿನಗಳಲ್ಲಿ ‘ಆಲ್ ಐಸ್ ಆನ್ ರಫಾ’ ಎಂಬ ಚಿತ್ರವು ಇನ್‌ಸ್ಟಾಗ್ರಾಮ್‌ನಲ್ಲಿ 4 ಕೋಟಿಗೂ ಹೆಚ್ಚು ಸಲ ಹಂಚಿಕೆಯಾಯಿತು. ಹಿಂದಿ ಚಿತ್ರರಂಗದ ತಾರೆಯರೂ ಹಂಚಿಕೊಂಡರು; ಟೀಕೆ ಬಂದೊಡನೆ ಅಳಿಸಿಹಾಕಿದವರೂ ಅವರಲ್ಲಿದ್ದರು. ಆ ಚಿತ್ರವಾದರೋ ರಫಾದ್ದಲ್ಲ, ಕೃತಕ ಬುದ್ಧಿಮತ್ತೆ ರಚಿಸಿದ್ದು. ಆದರೂ ತಾರೆಯೊಬ್ಬರ ಒಂದು ಪೋಸ್ಟ್ ನೂರು ಮಂದಿಯ ದಾನಕ್ಕಿಂತ ಮಿಗಿಲೆಂದು ನಮ್ಮ ಯುವಕರು ವಾದಿಸುತ್ತಾರೆ. ಈ ವಾದವನ್ನು ನಾವು ಒಪ್ಪಲಾರೆವು.

ದನಿಗೆ ಬೆಲೆಯಿಲ್ಲವೆಂದು ನಾವು ಹೇಳುತ್ತಿಲ್ಲ. ಅನ್ಯಾಯಗಾರ ಅರಸನೆದುರು ಆಡುವ ನ್ಯಾಯದ ಮಾತನ್ನು ಪ್ರವಾದಿ(ಸ)ರು ಶ್ರೇಷ್ಠ ಜಿಹಾದ್‌ಗಳಲ್ಲಿ ಎಣಿಸಿದ್ದಾರೆ. ಆದರೆ ಅಲ್ಲಿ ಮಾತನಾಡುವವನು ತನ್ನ ಕೊರಳನ್ನೇ ಒಡ್ಡಿರುತ್ತಾನೆ. 24 ಗಂಟೆಗಳಲ್ಲಿ ತಾನಾಗಿಯೇ ಅಳಿಸಿಹೋಗುವ ಸ್ಟೋರಿಗೆ ಹಾಕಿದವರು ಏನನ್ನು ತೆತ್ತರು? 2014ರಲ್ಲಿ ಖ್ಯಾತನಾಮರು ತಲೆಯ ಮೇಲೆ ಮಂಜುಗಡ್ಡೆಯ ನೀರು ಸುರಿದುಕೊಂಡ ಅಭಿಯಾನವನ್ನು ಕೆಲವರು ಉದಾಹರಿಸುವುದುಂಟು. ಸರಿ, ಅದರಿಂದ ಅಮೆರಿಕದ ಎಎಲ್‌ಎಸ್ ರೋಗಿಗಳ ಸಂಸ್ಥೆಗೆ ಸುಮಾರು 11.5 ಕೋಟಿ ಡಾಲರ್ ಬಂದಿತು, ಸಂಶೋಧನೆ ಮುಂದುವರಿಯಿತು. ಫಲ ಕೊಟ್ಟದ್ದು ನೀರೋ, ಹಣವೋ? ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ತಲ್ಲೂರು ಕೆರೆಯ ಹೂಳನ್ನು ನಟ ಯಶ್ ಅವರ ಯಶೋಮಾರ್ಗ ಸಂಸ್ಥೆಯು 2017ರಲ್ಲಿ ತೆಗೆಸಿದ್ದು ಕೂಡ ಟ್ವೀಟಿನಿಂದಲ್ಲ.

ಅದೇ 2024ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾಯಿತು. ಯಾದಗಿರಿ ಜಿಲ್ಲೆಯದು ಶೇ. 50.59, ರಾಜ್ಯಕ್ಕೇ ಕಡೆಯ ಸ್ಥಾನ. ಈ ಸಂಖ್ಯೆಯನ್ನು ನಮ್ಮವರಲ್ಲಿ ಎಷ್ಟು ಜನ ಹಂಚಿಕೊಂಡರು? ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಹತ್ತನೆಯ ತರಗತಿಯ ಬೆಂಚುಗಳು ಬರಿದಾಗುತ್ತವೆ. ತಂದೆತಾಯಿ ಬೆಂಗಳೂರಿಗೆ ಗುಳೆ ಹೋದ ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುವುದು ಹಿರಿಮಗಳ ಪಾಲಿಗೆ ಬೀಳುತ್ತದೆ.

ಮುಆದ್(ರ)ರನ್ನು ಯಮನಿಗೆ ಕಳುಹಿಸುವಾಗ, ಅಲ್ಲಿನ ಶ್ರೀಮಂತರಿಂದ ಪಡೆದ ಝಕಾತನ್ನು ಅಲ್ಲಿನ ಬಡವರಿಗೇ ಮರಳಿಸಬೇಕೆಂದು ಪ್ರವಾದಿ(ಸ)ರು ತಿಳಿಸಿದ್ದರು. ನಾವು ಮಾಡುತ್ತಿರುವುದೇನು? ರಮಝಾನಿನಲ್ಲಿ ನಲವತ್ತರಲ್ಲೊಂದು ಪಾಲನ್ನು ಐವತ್ತು, ನೂರರ ನೋಟುಗಳಾಗಿ ಒಡೆದು ಬಾಗಿಲಲ್ಲಿ ಹಂಚಿ ಕೈತೊಳೆದುಕೊಳ್ಳುತ್ತೇವೆ. ಅಥವಾ ರೇಷನ್ ಕಿಟ್ ಕೊಟ್ಟು, ವಿಧವೆಯ ಮುಖ ಕಾಣುವಂತೆ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೇವೆ. (ತಾರೆಯರಿಂದ ನಾವು ಕಲಿತದ್ದು ಇದನ್ನೇ.) ಬಹಿರಂಗ ದಾನವೂ ಒಳ್ಳೆಯದೇ, ಆದರೆ ಬಡವರಿಗೆ ಗುಟ್ಟಾಗಿ ಕೊಡುವುದು ಇನ್ನೂ ಉತ್ತಮವೆಂದು ಅಲ್‌ಬಕರ ಅಧ್ಯಾಯದ 271ನೆಯ ವಚನ ತಿಳಿಸುತ್ತದೆ.

10 ಲಕ್ಷ ರೂಪಾಯಿ ಉಳಿತಾಯವುಳ್ಳ ಒಂದು ಮನೆಯ ಝಕಾತ್ 25,000. ಹತ್ತಿ ಬಿಡಿಸಲು ಹೋಗುವ ಒಬ್ಬ ಹುಡುಗಿಯ ಆ ಹಂಗಾಮಿನ ಕೂಲಿಯನ್ನು ತುಂಬಿಕೊಟ್ಟು ಅವಳನ್ನು ಪರೀಕ್ಷೆಯವರೆಗೆ ಶಾಲೆಯಲ್ಲಿ ಉಳಿಸಲು ಬಹುಮಟ್ಟಿಗೆ ಅಷ್ಟು ಸಾಕು. ಪ್ರತಿ ಜಮಾಅತ್ ತನ್ನ ಮೊಹಲ್ಲಾದ ಅರ್ಹ ಕುಟುಂಬಗಳಲ್ಲಿ ಅಂತಹ ಹುಡುಗಿಯರನ್ನು ಗುರುತಿಸಲಿ. ನಿಸಾಬ್ ಇರುವವನು ವರ್ಷ ತುಂಬುವ ಮುನ್ನವೇ ಝಕಾತ್ ಕೊಡಲು ಹನಫಿ ಫಿಕ್ಹ್‌ನಲ್ಲಿ ಅವಕಾಶವಿದೆ. ರಮಝಾನ್ ಬರುವ ತನಕ ಹತ್ತಿ ಕಾಯುವುದಿಲ್ಲ.