ಕೋಡ್ ಓದಲು ಲೈಸೆನ್ಸ್ ಬೇಡ, ಪುರುಸೊತ್ತು ಬೇಕು

ಬನ್ನೇರುಘಟ್ಟ ರಸ್ತೆಯ ಆಫೀಸುಗಳಿಗೆ ಈಗ ಹೊಸ ಮಡಿ ಬಂದಿದೆ: ಕೋಡನ್ನು ಕಣ್ಣಾರೆ ಓದಬಾರದು. ಎಐ ಎಡಿಟರ್ ತೆರೆದು ‘ಇದೇನು ಮಾಡುತ್ತೆ?’ ಎಂದು ಕೇಳಬೇಕು, ಅದು ಹೇಳಿದ್ದಕ್ಕೆ ತಲೆಯಾಡಿಸಬೇಕು. ವಿಮ್ ಎಡಿಟರ್, ಗ್ರೆಪ್ ಹುಡುಕಾಟ ಅಂದವನು ಮ್ಯೂಸಿಯಂ ಸರಕು. ಗೊಟ್ಟಿಗೆರೆಯ ಪಿಜಿಗಳಲ್ಲಿ ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್ ಮಡಚದ ಮಕ್ಕಳಿಗೆ ಇದನ್ನು ಬೋಧಿಸುವವರು, ಕೋಡ್ ಮುಟ್ಟಿ ವರ್ಷಗಳಾದ ಮ್ಯಾನೇಜರುಗಳು.

ವೇಗವಂತೆ, ವೇಗ! 2025ರ ಜುಲೈನಲ್ಲಿ ಎಂಇಟಿಆರ್ ಸಂಸ್ಥೆ ಪ್ರಕಟಿಸಿದ ಲೆಕ್ಕ ನೋಡಿ. ಪಳಗಿದ 16 ಡೆವಲಪರ್‌ಗಳು, ಅವರದೇ ಓಪನ್ ಸೋರ್ಸ್ ಪ್ರಾಜೆಕ್ಟುಗಳು, 246 ಕೆಲಸಗಳು. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿಯಿತು. ಎಲ್ಲ ಮುಗಿದ ಮೇಲೂ ಅವರು ಶೇ 20ರಷ್ಟು ಬೇಗ ಮುಗಿಸಿದೆವೆಂದೇ ನಂಬಿದ್ದರು! ತಾವೇ ಸಾಕಿದ ಕೋಡಿನಲ್ಲಿ ಶೇ 19. ಪರರ ಕೋಡಿನ ಮುಂದೆ ಮೊದಲ ದಿನ ಕೂತ ಫ್ರೆಶರ್ ಪಾಡೇನು?

‘ಗೊತ್ತಿಲ್ಲದ ಕೋಡಿಗೇ ಎಐ ಬೇಕಾಗೋದು’ ಅನ್ನುವವರು ಹಾರ್ಫ್‌ಬಝ್ ಇಳಿಸಿಕೊಳ್ಳಲಿ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ನಮ್ಮ ಒತ್ತಕ್ಷರ ಕೂಡಿಸುವ ಸಿ++ ಲೈಬ್ರರಿ ಅದು. ‘ರ್ಯಾಂಕ್’ ಎಂದು ಅರ್ಕಾವತ್ತು ಬರುವ ಬದಲು ‘ರ‍್ಯಾಂಕ್’ ಎಂದು ಬರಬೇಕಾದರೆ ನಡುವೆ ಝಡ್‌ಡಬ್ಲ್ಯುಜೆ ಎಂಬ ಕಾಣದ ಅಕ್ಷರ ಇರಬೇಕು. ಎಲ್ಲಿ, ಹಲಂತ ಚಿಹ್ನೆಗೆ ಮುಂಚೆಯೋ ಆಮೇಲೋ? ಇಂಡಿಕ್ ಶೇಪರ್ ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕನ್ನಡ’ ಎಂದು ಗ್ರೆಪ್ ಮಾಡಿ. ಕಾಮೆಂಟೊಂದು ಸಿಗುತ್ತದೆ: ಕನ್ನಡದ ಹಳೆಯ ರೂಢಿಗಾಗಿ ಆಮೇಲೆ ಬಂದರೂ ಮುಂಚೆ ಬಂದಂತೆಯೇ ನಡೆಸಿಕೊಳ್ಳಬೇಕು. ಜೊತೆಗೆ 435ನೇ ಇಶ್ಯೂವಿನ ಲಿಂಕ್. ಅದರ ಕೆಳಗಿನ ಕೋಡ್ ಎರಡನ್ನೂ ಅದಲುಬದಲು ಮಾಡುತ್ತದೆ. ಏನು, ಯಾಕೆ, ಯಾರ ತಕರಾರು, ಎಲ್ಲವೂ ಒಂದೇ ಕಡೆ. ಇದಕ್ಕೆ ಸಾರಾಂಶ ಬೇರೆ ಬೇಕೆ?

ಗ್ರೆಪ್ 1973ರದು, ಕೆನ್ ಥಾಂಪ್ಸನ್ ಬರೆದದ್ದು. ಹಳೆಯದಾಯಿತೇ? ವಿಎಸ್ ಕೋಡಿನ ಸರ್ಚ್ ಒಳಗೆ ಕೂತಿರುವುದು ಅದರದೇ ವಂಶದ ರಿಪ್‌ಗ್ರೆಪ್. ನೀವು ಪೂಜಿಸುವ ಎಐ ಏಜೆಂಟುಗಳಲ್ಲೂ ಹಲವು ನಿಮ್ಮ ಬೆನ್ನ ಹಿಂದೆ ಗ್ರೆಪ್ಪನ್ನೇ ಓಡಿಸುತ್ತವೆ, ಸ್ವಾಮಿ! ಎಡಿಟರ್ ಯಾವುದಾದರೇನು? 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಬಂದ ಮೇಲೆ ಫಂಕ್ಷನ್ ಎಲ್ಲಿ ಹುಟ್ಟಿತು, ಅದನ್ನು ಯಾರ್‍ಯಾರು ಕರೆಯುತ್ತಾರೆ ಎಂಬುದು ವಿಮ್‌ನಲ್ಲೂ ಸಿಗುತ್ತದೆ, ಇಮ್ಯಾಕ್ಸ್‌ನಲ್ಲೂ ಸಿಗುತ್ತದೆ.

ಇನ್ನು ಎಐ ಲೈಸೆನ್ಸ್ ಕೊಳ್ಳುವವರ ಧಾರಾಳತನ! ಕೆಲಸ ಬಿಡುವವನಿಗೆ ಮೂರು ತಿಂಗಳ ನೋಟಿಸ್ ಪೀರಿಯಡ್, ಹೊಸಬನಿಗೆ ನಾಲೆಡ್ಜ್ ಟ್ರಾನ್ಸ್‌ಫರ್ ಎಂದು ಎರಡು ಕಾಲ್, ಒಂದು ಪಿಪಿಟಿ. ಡಾಕ್ಯುಮೆಂಟ್ ಲಿಂಕ್ ಒತ್ತಿದರೆ ಆಕ್ಸೆಸ್ ಇಲ್ಲ. ಸ್ಪ್ರಿಂಟ್‌ನಲ್ಲಿ ‘ಕೋಡ್ ಓದುವುದು’ ಎಂದು ಟಿಕೆಟ್ ಹಾಕಿ ನೋಡಿ, ಸ್ಟ್ಯಾಂಡಪ್‌ನಲ್ಲಿ ನಗುತ್ತಾರೆ. ಬೆಳಗ್ಗೆ ಗೊಟ್ಟಿಗೆರೆಯಿಂದ ಡೈರಿ ಸರ್ಕಲ್ ದಾಟಲು ನಾವು ಸುರಿಯುವ ಹೊತ್ತು ಯಾರ ಲೆಕ್ಕಕ್ಕೂ ಇಲ್ಲ. ಒಂದು ಫಂಕ್ಷನ್ ಓದುವ ಅರ್ಧ ಗಂಟೆ ಮಾತ್ರ ಪ್ರೊಡಕ್ಟಿವಿಟಿ ನಷ್ಟ!

ಸೀಟಿಗೊಂದು ಲೈಸೆನ್ಸ್ ಕೊಳ್ಳುವ ದುಡ್ಡಿದ್ದರೆ ಧಾರಾಳವಾಗಿ ಕೊಳ್ಳಿ. ಅದಕ್ಕೆ ಮೊದಲು ಹೊಸಬರನ್ನು ಎರಡು ವಾರ ಟಿಕೆಟ್ ಹಚ್ಚದೆ ಕೋಡಿನ ಜೊತೆ ಬಿಡಿ.