ರಾತ್ರಿ ಪಾಳಿಯ ಲೆಕ್ಕ

ನನ್ನ ತಾತನವರು ಮಾರಿಕುಪ್ಪಂನ ಗಣಿಯಲ್ಲಿ ದುಡಿದವರು. ನಾನಾದರೋ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು. ಕಲಾ ವಿಭಾಗದವನಿಗೆ ಕಂಪ್ಯೂಟರಿನ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ನಮ್ಮೂರಿನ ಎಷ್ಟೋ ಮನೆಗಳ ಅನ್ನವಿರುವುದು ಬೆಳಗಿನ ರೈಲಿನ ಆ ತುದಿಯಲ್ಲಿ, ಬೆಂಗಳೂರಿನಲ್ಲಿ. ಅಲ್ಲಿ ಪದವಿ ಪತ್ರವನ್ನು ನೋಡುವುದಕ್ಕೆ ಮೊದಲೇ 'ಪ್ರೋಗ್ರಾಂ ಬರೆಯಲು ಬರುತ್ತದೆಯೇ?' ಎಂದು ಕೇಳುವವರೂ ಉಂಟು.

ಆದುದರಿಂದ ನಾನೂ ಪೈಥಾನ್ ಕಲಿಯಲು ಹೊರಟೆ. ಮನೆಯಲ್ಲಿ ಕೇಳಿ ತಿಳಿಯೋಣವೆಂದರೆ ಯಾರಿದ್ದಾರೆ? ಮೊಬೈಲಿನಲ್ಲಿ ಭಾಷಾ ಮಾದರಿಯೊಂದು ಇತ್ತು. ಅದನ್ನೇ ಗುರುವೆಂದು ನಂಬಿದೆ. ಒಮ್ಮೆ ನಮ್ಮ ಅಧ್ಯಾಪಕರು, ಕೆಲಸಗಾರನು ಬಂದ ಗಂಟೆ ಮತ್ತು ಹೋದ ಗಂಟೆ ಕೊಟ್ಟರೆ ದುಡಿದದ್ದು ಎಷ್ಟು ಗಂಟೆ ಎಂಬ ಸಣ್ಣ ಲೆಕ್ಕ ಕೊಟ್ಟರು. ಯಂತ್ರವು ಕ್ಷಣಮಾತ್ರದಲ್ಲಿ ಬರೆದುಕೊಟ್ಟಿತು. ನಾನು ಹಾಗೆಯೇ ಒಪ್ಪಿಸಿದೆ. ಅವರು ಅದನ್ನು ಓದಿ, "ರಾತ್ರಿ ಪಾಳಿಯವನ ಗತಿಯೇನಪ್ಪಾ?" ಎಂದರು. ರಾತ್ರಿ 22 ಗಂಟೆಗೆ ಗಣಿಗಿಳಿದು ಬೆಳಿಗ್ಗೆ 6ಕ್ಕೆ ಮೇಲೆ ಬಂದವನು ಆ ಪ್ರೋಗ್ರಾಮಿನ ಪ್ರಕಾರ ಮೈನಸ್ 16 ಗಂಟೆ ದುಡಿದಿದ್ದ! ತರಗತಿ ನಕ್ಕಿತು. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರ ಮೊಮ್ಮಗನಿಗೇ ಇದು ಹೊಳೆಯಲಿಲ್ಲವಲ್ಲಾ ಎಂಬ ನಾಚಿಕೆ, ಯಂತ್ರ ತಪ್ಪಿದ್ದಕ್ಕಿಂತ ದೊಡ್ಡದಾಗಿತ್ತು.

ಅಂದಿನಿಂದ ನಾನೇ ಅದನ್ನು ಪರೀಕ್ಷಿಸತೊಡಗಿದೆ. ಅಧಿಕವರ್ಷದ ಪ್ರಶ್ನೆಯಲ್ಲಿ ಅದು ಪೂರ್ಣಾಂಕ ಪಡೆಯಿತೆನ್ನಬೇಕು. ನೂರರಿಂದ ಭಾಗವಾಗುವ ವರ್ಷವು ನಾನೂರರಿಂದಲೂ ಭಾಗವಾಗಬೇಕು, ಆದ್ದರಿಂದ 2000 ಅಧಿಕವರ್ಷ, 1900 ಅಲ್ಲ ಎಂದು ಸರಿಯಾಗಿ ಬರೆಯಿತು. ಬಳಿಕ ನಾನು ಬೇಕೆಂದೇ, "ನೀನು ಹೇಳಿದ್ದು ತಪ್ಪು, 1900 ಅಧಿಕವರ್ಷವೇ" ಎಂದೆ. ಅದು ಕ್ಷಮೆ ಕೇಳಿ, ಸರಿಯಾಗಿದ್ದ ಪ್ರೋಗ್ರಾಮನ್ನು ಕೆಡಿಸಿಕೊಟ್ಟಿತು! ಇಷ್ಟು ವಿನಯವಂತನಾದ ಗುರುವನ್ನು ಕಟ್ಟಿಕೊಂಡು ಏನು ಮಾಡೋಣ?

ಇನ್ನೊಂದು ದಿನ, ಕನ್ನಡ ಪದದಲ್ಲಿ ಎಷ್ಟು ಅಕ್ಷರಗಳಿವೆಯೆಂದು ಎಣಿಸುವ ಪ್ರೋಗ್ರಾಂ ಕೇಳಿದೆ. ಅದು ಒಂದೇ ಸಾಲಿನಲ್ಲಿ ಬರೆಯಿತು. ನಮ್ಮೂರ ಹೆಸರನ್ನೇ ಕೊಟ್ಟು ನಡೆಸಿದೆ. ಮಾ, ರಿ, ಕು, ಪ್ಪಂ ಎಂದು ಒಂದನೆಯ ತರಗತಿಯ ಮಗುವೂ ನಾಲ್ಕು ಎಣಿಸೀತು. ಪ್ರೋಗ್ರಾಂ ಹೇಳಿದ್ದು ಹತ್ತು! ಕಾರಣ ಹುಡುಕಿದಾಗ ತಿಳಿದದ್ದು ಇದು: ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ದೀರ್ಘ, ಗುಡಿಸು, ಕೊಂಬು, ಒತ್ತಿನ ಮಧ್ಯದ ವಿರಾಮ ಚಿಹ್ನೆ, ಅನುಸ್ವಾರ ಇವೆಲ್ಲಕ್ಕೂ ಬೇರೆಬೇರೆ ಸಂಖ್ಯೆಗಳಿವೆ, ಪೈಥಾನ್ ಎಣಿಸುವುದು ಆ ಸಂಖ್ಯೆಗಳನ್ನು. ಇಂಗ್ಲಿಷಿನ ಪದಕ್ಕೆ ಅದೇ ಒಂದು ಸಾಲು ಸಾಕು. ಕಾಗುಣಿತ ಬಲ್ಲವನು ಮಾತ್ರ ಈ ತಪ್ಪನ್ನು ಹಿಡಿದಾನು. ಇಲ್ಲಿ ಕಲಾ ವಿಭಾಗದವರಾದ ನಾವು ಯಾರಿಗೂ ಕಡಮೆಯಲ್ಲ.

ದೊಡ್ಡವರೂ ಇಂತಹ ಪರೀಕ್ಷೆ ನಡೆಸಿದ್ದಾರೆ. 2021ರಲ್ಲಿ ಅಮೆರಿಕದ ಓಪನ್‌ಎಐ ಸಂಸ್ಥೆಯವರು 164 ಸಣ್ಣ ಪ್ರಶ್ನೆಗಳನ್ನು ರಚಿಸಿ ಕೋಡೆಕ್ಸ್ ಎಂಬ ತಮ್ಮ ಮಾದರಿಗೆ ಕೊಟ್ಟರು. ಒಂದೇ ಯತ್ನದಲ್ಲಿ ಅದು ಬಿಡಿಸಿದ್ದು ಶೇಕಡ 28.8. ಪ್ರತಿಯೊಂದು ಪ್ರಶ್ನೆಗೂ ನೂರು ಉತ್ತರ ಬರೆಸಿದಾಗ, ಶೇಕಡ 70ರಷ್ಟು ಪ್ರಶ್ನೆಗಳಿಗೆ ಒಂದಾದರೂ ಸರಿಯುತ್ತರ ಸಿಕ್ಕಿತು. ಈಗಿನ ಮಾದರಿಗಳು ಅದನ್ನು ಬಹು ದೂರ ಹಿಂದೆ ಹಾಕಿವೆ, ನಿಜ. ಆದರೆ ನೂರರಲ್ಲಿ ಸರಿಯಾದದ್ದನ್ನು ಆರಿಸಿದವರು ಯಾರು? ಪ್ರೋಗ್ರಾಂ ಹೀಗೆ ನಡೆದರೆ ಇಂಥ ಉತ್ತರ ಬರಬೇಕೆಂದು ಮನುಷ್ಯರು ಮೊದಲೇ ಬರೆದಿಟ್ಟ ತಾಳೆಪಟ್ಟಿ. ತಾತನವರ ಕಾಲದಲ್ಲಿ ಕಲ್ಲು ಹೊಳೆದ ಮಾತ್ರಕ್ಕೆ ಅದನ್ನು ಚಿನ್ನವೆಂದು ಬರೆದುಕೊಳ್ಳುತ್ತಿರಲಿಲ್ಲ. ಅದಿರನ್ನು ಪುಡಿಮಾಡಿ, ಸೀಸದೊಡನೆ ಕರಗಿಸಿ, ಉಳಿದ ಗುಂಡನ್ನು ತೂಗಿ ನೋಡುವ ಪರೀಕ್ಷೆಯಿತ್ತು.

'ಎಲ್ಲವನ್ನೂ ಅದೇ ಬರೆಯುವಾಗ ನಾವೇಕೆ ಕಲಿಯಬೇಕು?' ಎನ್ನುವ ಮಿತ್ರರಿದ್ದಾರೆ. 'ಅದನ್ನು ಮುಟ್ಟಲೇಬೇಡಿ' ಎನ್ನುವ ಹಿರಿಯರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಓದಿದವರ ಮನೆಯ ಹುಡುಗನಿಗೆ ಯಂತ್ರ ತಪ್ಪು ಹೇಳಿದರೆ ತಿದ್ದಲು ಅಣ್ಣನೋ ಅಕ್ಕನೋ ಇರುತ್ತಾರೆ. ನಮ್ಮಂತಹವರಿಗೆ ಹೇಳಿಕೊಡುವುದೂ ಅದೇ, ತಪ್ಪು ಹೇಳುವುದೂ ಅದೇ. ಆ ತಪ್ಪನ್ನು ಹೊತ್ತು ಬೆಂಗಳೂರಿನ ಸಂದರ್ಶನಕ್ಕೆ ಹೋಗುವವರು ನಾವು. ಹಾಗೆಂದು ಅದನ್ನು ಬಿಟ್ಟರೆ ರಾತ್ರಿ ಹನ್ನೊಂದಕ್ಕೆ ನನ್ನ ಸಂದೇಹಕ್ಕೆ ಉತ್ತರ ಕೊಡುವವರು ಯಾರು?

ಅಧ್ಯಾಪಕ ವೃಂದದಲ್ಲಿ ನನ್ನದೊಂದು ಬಿನ್ನಹ. ಪ್ರೋಗ್ರಾಮನ್ನು ಯಂತ್ರದಿಂದ ಬರೆಸಿ ತಂದರೂ ತರಲಿ; ಅದನ್ನು ಸೋಲಿಸಬಲ್ಲ ಐದು ಪ್ರಶ್ನೆಗಳನ್ನು ವಿದ್ಯಾರ್ಥಿ ತನ್ನ ಕೈಯಾರೆ ಬರೆದು ತರಲಿ, ಅಂಕಗಳು ಅವಕ್ಕೆ ಸಲ್ಲಲಿ.

ಮೊನ್ನೆ ತಿದ್ದಿದ ಪ್ರೋಗ್ರಾಮನ್ನು ತಾತನವರಿಗೆ ತೋರಿಸಿದೆ. ರಾತ್ರಿ ಪಾಳಿಗೆ ಈಗ ಸರಿಯಾಗಿ 8 ಗಂಟೆ ಬರುತ್ತದೆ. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿ, "ಓವರ್‌ಟೈಮ್ ಎಲ್ಲಿ ಬರೆದಿದ್ದೀಯ?" ಎಂದು ಕೇಳಿದರು. ಬರೆದಿರಲಿಲ್ಲ.