ನಾನು ಥ್ಯಾಕರೆ ಆಗಿದ್ದೆ

ಮಕ್ಕಳೇ, ನನ್ನ ಹುಬ್ಬಿನ ಮೇಲಿನ ಗಾಯದ ಗುರುತಿಗೆ ಒಂದು ಯುದ್ಧದ ಸಿನಿಮಾ ಕಾರಣ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ತೆರೆಕಂಡದ್ದು 1961ರಲ್ಲಿ. ಕುಂದಗೋಳದ ಹತ್ತಿರದ ನಮ್ಮೂರಿನ ಟೂರಿಂಗ್ ಟಾಕೀಸಿಗೆ ಬರೋ ಹೊತ್ತಿಗೆ ಅದು ಹಳೆಯದಾಗಿತ್ತು. ಆದರೂ ರಾಣಿಯಾಗಿ ಬಿ. ಸರೋಜಾದೇವಿ ಬಂದರೆ ಡೇರೆ ತುಂಬ ಸೀಟಿಯೋ ಸೀಟಿ!

ಮರುದಿನ ಓಣಿಯಲ್ಲಿ ನಮ್ಮ ಯುದ್ಧ. ಎಲ್ಲರಿಗೂ ಅಮಟೂರು ಬಾಳಪ್ಪನೇ ಆಗಬೇಕು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆಗೋರು ಯಾರು?

“ನೀ ಬೆಳ್ಳಗದಿ, ನೀನ ಆಗಲೇ” ಅಂದರು.

ಅಪ್ಪನ ಟೊಪ್ಪಿಗೆ ಹಾಕಿಕೊಂಡು ಜೋಳದ ದಂಟಿನ ಕುದುರೆ ಏರಿದೆ. ಬಾಳಪ್ಪನ ಕಡೆಯಿಂದ ಗುಂಡಿನ ಬದಲು ಕಲ್ಲು ಬಂತು. ರಕ್ತ ಕಂಡದ್ದೇ ತಡ, ಓಣಿ ಖಾಲಿ. ಹೊಡೆದವನೊಬ್ಬ ಮಾತ್ರ ನಿಂತು, ಅಳುತ್ತ ಅರಿಷಿಣ ಒತ್ತಿದ.

ಮುಂದೆ ಧಾರವಾಡಕ್ಕೆ ಹೋದಾಗ ಅಪ್ಪ ನಿಜವಾದ ಥ್ಯಾಕರೆಯ ಸಮಾಧಿ ತೋರಿಸಿದ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತವನು.

“ಸೆರೆ ಸಿಕ್ಕ ಎಲಿಯಟ್, ಸ್ಟೀವನ್ಸನ್ ಅನ್ನೋ ಸಾಹೇಬರನ್ನ ಚೆನ್ನಮ್ಮ ಕೊಲ್ಲಲಿಲ್ಲ ತಮ್ಮಾ, ಬಿಟ್ಟು ಕಳಿಸಿದ್ಲು. ಅದನ್ನ ಯಾಕ ಆಡಲಿಲ್ಲ ನೀವು?”

ಊರಿಗೆ ಬಂದವನೇ ಅದನ್ನೇ ಆಡಿಸಿದೆ. ಈ ಸಲ ಸಾಹೇಬರಾಗೋಕೆ ಜಗಳವೋ ಜಗಳ. ಸೆರೆಯಾಳುಗಳಿಗೆ ಶೇಂಗಾ-ಬೆಲ್ಲ ಕೊಡೋದು ಅಂತ ನಾನೇ ಸಾರಿಬಿಟ್ಟಿದ್ದೆ!